ನಿನ್ನಿ ರೊಟ್ಟಿ ಯಾರು ಬಡದ್ರು?

ನಮ್ಮ ಡಾಕ್ಟರು ಯಾರನ್ನೂ 'ಹ್ಯಾಂಗದೀರಿ' ಎಂದು ಕೇಳುತ್ತಿರಲಿಲ್ಲ. ಕೇಳಿ ಉಪಯೋಗವಿಲ್ಲವೆಂದು ಅವರಿಗೆ ಗೊತ್ತಿತ್ತು. ನಮ್ಮ ಕಡೆ ಆ ಮಾತಿಗೆ ಇರುವುದು ಒಂದೇ ಉತ್ತರ: ಆರಾಮ ಅದೀನ್ರಿ. ಜ್ವರದಲ್ಲಿ ಕಂಬಳಿ ಹೊದ್ದು ನಡುಗುವವನೂ ಮೊದಲು ಆರಾಮ ಅದೀನ್ರಿ ಅನ್ನುತ್ತಾನೆ, ನೀವು ಆರಾಮ್ರೀ ಎಂದು ತಿರುಗಿ ಕೇಳುತ್ತಾನೆ, ಆಮೇಲೆ ಬೇಕಾದರೆ ನರಳುತ್ತಾನೆ. ನನ್ನ ಅವ್ವನಂತೂ ಇದನ್ನು ಧರ್ಮದ ಹಾಗೆ ಪಾಲಿಸಿದವಳು. "ಕೇಳ್ದವರು ಚಲೋ ಮನಸ್ಸಿಲೆ ಕೇಳಿರ್ತಾರ. ಅವರ ಬಾಯಿ ಯಾಕ ಕಹಿ ಮಾಡೂದು?" ಅನ್ನುತ್ತಿದ್ದಳು.

ಅದಕ್ಕೇ ಡಾಕ್ಟರು ಅವಳನ್ನು ಬೇರೆ ಪ್ರಶ್ನೆ ಕೇಳುತ್ತಿದ್ದರು.

"ನಿನ್ನಿ ರೊಟ್ಟಿ ಯಾರು ಬಡದ್ರು, ತಂಗಿ?"

"ನಾನ ಬಡದೇನ್ರಿ."

"ಒಮ್ಮೆ ಕುಂತಾಕಿ ಮುಗಿಸೇ ಎದ್ದ್ಯೋ, ನಡುವ ಎದ್ದ್ಯೋ?"

ಅಲ್ಲಿಗೆ ಅವ್ವ ಸಿಕ್ಕಿಬೀಳುತ್ತಿದ್ದಳು. ಆರಾಮ ಅದೀನಿ ಅನ್ನುವುದು ಸುಳ್ಳಲ್ಲ, ಅದು ರೀತಿ. ಆದರೆ ರೊಟ್ಟಿಯ ವಿಷಯದಲ್ಲಿ ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ. "ನಡುವ ಒಂದೀಟ ಎದ್ದಿದ್ದೆ ನೋಡ್ರಿ" ಅನ್ನುತ್ತಿದ್ದಳು. ಡಾಕ್ಟರು ಆಗ ನಾಡಿ ಹಿಡಿಯುತ್ತಿದ್ದರು.

ಅವರ ದವಾಖಾನೆ ಇದ್ದದ್ದು ದೇವರ ಹಿಪ್ಪರಗಿಯ ಬಜಾರದಲ್ಲಿ. ಒಂದು ಕೋಣೆ, ಮುಂದೆ ತಗಡಿನ ಚಪ್ಪರ, ಕೂಡಲು ಕಲ್ಲಿನ ಕಟ್ಟೆ. ಅವರು ಚಡಚಣದ ಕಡೆಯವರು, ಮನೆಮಾತು ಮರಾಠಿ. ನಮ್ಮೊಡನೆ ನಮ್ಮ ಹಾಗೆಯೇ ಮಾತಾಡುತ್ತಿದ್ದರು, ಸಿಟ್ಟು ಬಂದಾಗ ಮಾತ್ರ 'ಕಾಯ್ ರೇ' ಎಂದು ಮರಾಠಿ ಹೊರಗೆ ಬರುತ್ತಿತ್ತು. ಸಂತೆಯ ದಿನ ಸುತ್ತಲಿನ ಹಳ್ಳಿಗಳವರೆಲ್ಲ ಆ ಕಟ್ಟೆಯ ಮೇಲೇ ಇರುತ್ತಿದ್ದರು. ನಮ್ಮ ಹಳ್ಳಿ ಅಲ್ಲಿಂದ ಒಳಗೆ ಹೋಗುವ ಕಚ್ಚಾ ರಸ್ತೆಯಲ್ಲಿತ್ತು. ನಮ್ಮ ಮನೆಯವರು ಎಣ್ಣೆ, ಬೆಲ್ಲ, ಡಾಕ್ಟರು, ಮೂರನ್ನೂ ಒಂದೇ ದಿನ ಮುಗಿಸಿಕೊಂಡು ಬರುತ್ತಿದ್ದರು.

ಪ್ರತಿಯೊಬ್ಬರಿಗೂ ಅವರದೇ ಪ್ರಶ್ನೆ ಇತ್ತು. ಒಬ್ಬ ಮುದುಕ ಮೊಳಕಾಲ ನೋವಿಗೆ ಬಂದು ಸುಮ್ಮನೆ ಕೂತಿದ್ದು ನನಗೆ ನೆನಪಿದೆ.

"ಎಮ್ಮಿ ಯಾರ ಹಿಂಡಾಕತ್ತಾರ?" ಅಂದರು ಡಾಕ್ಟರು.

"ಮೊಮ್ಮಗ ಹಿಂಡ್ತಾನ್ರಿ."

"ಯಾಕ, ನಿನ್ನ ಮೊಳಕಾಲ ಎಲ್ಲಿ ಹೋದುವು?"

"ಎಲ್ಲಿ ಹೋಗ್ತಾವ್ರೀ ಸಾಹೇಬ್ರ, ಸಂತಿಗಿ ಬಂದಾವ. ಮಾರಿ ಹೋಗೂಣಂತ ತಂದೀನಿ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಡಾಕ್ಟರು ನಗುತ್ತಲೇ ಮೊಳಕಾಲು ಒತ್ತಿ ನೋಡಿದರು. ನೋಯುವ ಜಾಗ ಸಿಕ್ಕಾಗ ಮುದುಕನ ನಗು ನಿಂತಿತು.

ನಾನು ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು. ಗಂಡಸರನ್ನು ಸೇರಿಸಿ ಎಣಿಸಿದರೂ ಮೊದಲನೆಯವಳೇ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಏಕೆಂದರೆ ಅದು ಸುಮ್ಮನೆ ಬಂದದ್ದಲ್ಲ. ಕಂದೀಲಿನ ಹೊಗೆ ಕುಡಿದು, ಬಸ್ಸಿನಲ್ಲಿ ನಿಂತು, ಹೊಲದ ಕೆಲಸ ಮುಗಿಸಿ ಓದಿದ್ದು. ಆದರೆ ನನ್ನ ಪದವಿಯ ಬೇರಿನಲ್ಲಿ ಒಂದು ಕಾಯಿಲೆಯೂ ಇದೆ. ಅದನ್ನು ಪತ್ತೆ ಹಚ್ಚಿದವರು ಈ ಡಾಕ್ಟರೇ. ಅದೂ ನನ್ನನ್ನು ನೋಡಲು ಬಂದಾಗಲ್ಲ.

ನಾನಾಗ ಪಿಯುಸಿ ಮುಗಿಸಿದ್ದೆ. ಅಪ್ಪನಿಗೆ ಜ್ವರ ಬಂದು ಇಳಿಯಲಿಲ್ಲ. ಡಾಕ್ಟರು ತಮ್ಮ ಸ್ಕೂಟರಿನಲ್ಲಿ ಮನೆಗೇ ಬಂದರು. ಪಡಸಾಲೆಯ ಹೊರಸಿನ ಮೇಲೆ ಅಪ್ಪನ ಪಕ್ಕ ಕೂತು ಎದೆಗೆ ಸ್ಟೆತಸ್ಕೋಪು ಇಟ್ಟಿದ್ದರು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಏನೋ ಹೇಳಲು ಬಾಯಿ ತೆರೆದ. ಡಾಕ್ಟರು ಬೆರಳೆತ್ತಿ ಸುಮ್ಮನಿರಿಸಿದರು. ಸ್ಟೆತಸ್ಕೋಪನ್ನು ಕಿವಿಯಿಂದ ತೆಗೆದು ಕೊರಳಿಗೆ ಹಾಕಿಕೊಂಡು ಅಡುಗೆಮನೆಯ ಕಡೆ ಕಿವಿ ಕೊಟ್ಟರು.

ಥಪ್ ಥಪ್ ಥಪ್ ಎಂದು ಶಬ್ದ ಬರುತ್ತಿತ್ತು. ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಶುರುವಾಯಿತು. ಮತ್ತೆ ನಿಂತಿತು.

"ದಿನಾ ಹಿಂಗ ಬಡಿತಾಳೇನು?" ಎಂದು ಕೇಳಿದರು.

ಅಪ್ಪ ಗಾಬರಿಯಾದ. "ಜ್ವರ ನಂಗ ಬಂದಾವ್ರಿ ಡಾಕ್ಟ್ರ, ರೊಟ್ಟಿಗಿ ಅಲ್ಲ."

"ಕಾಯ್ ರೇ! ನಿನ್ನ ಜ್ವರ ನಾಳಿಗೆ ಹೋಗ್ತಾವ, ಸುಮ್ನಿರು. ತಂಗಿ, ಹೊರಗ ಬಾ ಒಂದೀಟ."

ಅವ್ವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಆತು ನಿಂತಳು. ಅವಳ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು. ಬಿಳಿ ಅರಳೆಯ ಹಾಗಿತ್ತು. ಮೂಲೆಯಲ್ಲಿ ನಿಂತಿದ್ದ ನನ್ನನ್ನೂ ಕರೆದು ನೋಡಿದರು. ನನ್ನದೂ ಹಾಗೇ. ಮನೆಯ ಹೆಂಗಸರಿಬ್ಬರ ಮೈಯಲ್ಲೂ ರಕ್ತವಿರಲಿಲ್ಲ. ಗಂಡಸರು ಉಂಡಾದ ಮೇಲೆ ಉಳಿದದ್ದನ್ನು ಉಂಡು ಎಷ್ಟೋ ವರ್ಷದಿಂದ ನಾವು ಹೀಗೇ ಇದ್ದೆವು. ಇದಕ್ಕೊಂದು ಹೆಸರು ಇದೆಯೆಂದು ನಮಗೆ ಗೊತ್ತಿರಲಿಲ್ಲ. ಆ ದಿನದಿಂದ ಇಬ್ಬರಿಗೂ ಗುಳಿಗೆ ಶುರುವಾದವು. ಅಪ್ಪನಿಗೆ ಒಂದು ಆಜ್ಞೆಯೂ ಆಯಿತು: "ಇವರಿಬ್ರೂ ನಿನ್ನ ಜೋಡಿ ಕುಂತ ಉಣ್ಣಬೇಕು. ಸೊಪ್ಪು, ಕಾಳು, ಶೇಂಗಾ. ನಾ ಬಂದ ನೋಡ್ತೇನಿ." ಬಂದು ನೋಡಿದರು ಕೂಡ.

ಅದೇ ಹೊತ್ತಿಗೆ ಇಂಡಿ ಕಡೆಯಿಂದ ನನಗೊಂದು ಸಂಬಂಧ ಬಂದಿತ್ತು. ಲಿಂಬಿ ತೋಟದ ಮನೆತನ, ಒಳ್ಳೆಯ ಜನ. ಅಪ್ಪ ಒಪ್ಪಿದ್ದ. ಸಂತೆಯ ದಿನ ಡಾಕ್ಟರಿಗೂ ಸುದ್ದಿ ಹೇಳಿದ. ಅವರು ನನ್ನ ಕಡೆ ತಿರುಗಿ, "ಏನ್ ಮಾಡ್ಬೇಕಂತೀದಿ?" ಅಂದರು. ಜೀವನದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. "ಸಿಂದಗಿ ಕಾಲೇಜಿಗಿ ಹೋಗ್ಬೇಕಂತೀನ್ರಿ" ಎಂದು ನೆಲ ನೋಡುತ್ತಾ ಹೇಳಿದೆ.

ಅವರು ಅಪ್ಪನಿಗೆ ಹೇಳಿದ್ದು ಇಷ್ಟು: "ಹುಡಿಗಿ ಮೈಯಾಗ ರಕ್ತ ಇಲ್ಲ. ಈಗ ಮದುವಿ ಮಾಡಿದ್ರ ಮಾಡು. ಬಾಣಂತನದಾಗ ಏನರ ಆದ್ರ ನನ್ನ ಬಾಗಿಲಿಗಿ ಬರಬ್ಯಾಡ."

"ರಕ್ತ ಯಾವಾಗ ಆಗ್ತೈತ್ರಿ?"

"ಗುಳಿಗಿ ತಗೊಳ್ಳಲಿ. ದಿನಾ ಬಸ್‌ಸ್ಟ್ಯಾಂಡ್ ತನಕ ನಡೀಲಿ, ಸಿಂದಗಿಗಿ ಹೋಗಿ ಬರ್ಲಿ. ಗಾಳಿ ಬೆಳಕ ತಾಗಿದ್ರ ಲಗೂನ ಆಗ್ತೈತಿ."

ಅಪ್ಪ ಓದು ಬರಹ ಬಾರದವನು. ಡಾಕ್ಟರ ಮಾತು ಅವನಿಗೆ ಕಲ್ಲಿನ ಮೇಲಿನ ಅಕ್ಷರ. ಇಂಡಿಯವರಿಗೆ ಹೇಳಿ ಕಳಿಸಿದ. ಆಮೇಲೆ ಪ್ರತಿ ರಜೆಯಲ್ಲಿ ಅಪ್ಪ ನನ್ನನ್ನು ದವಾಖಾನೆಗೆ ಕರೆದೊಯ್ಯುವುದು, ಡಾಕ್ಟರು ನನ್ನ ರೆಪ್ಪೆ ಜಗ್ಗಿ ನೋಡಿ, "ಇನ್ನಾ ಆಗಿಲ್ಲ" ಎಂದು ತಲೆಯಾಡಿಸುವುದು ನಡೆಯಿತು. ಮೊದಲ ವರ್ಷ ಅದು ನಿಜವಿತ್ತು. ಆಮೇಲಿನದು ನನಗೂ ಗೊತ್ತು, ಅವರಿಗೂ ಗೊತ್ತು, ಅವ್ವನಿಗೂ ಗೊತ್ತಿತ್ತು ಅಂತ ಕಾಣುತ್ತದೆ. ಅವ್ವ ಸೆರಗು ಬಾಯಿಗೆ ಹಿಡಿದು ಬೇರೆ ಕಡೆ ನೋಡುತ್ತಿದ್ದಳು.

ಬಿ.ಎ. ಪಾಸಾದ ದಿನ ಪೇಢೆ ಹಿಡಿದು ದವಾಖಾನೆಗೆ ಹೋದೆ. ಡಾಕ್ಟರು ಪೇಢೆ ಬಾಯಿಗೆ ಹಾಕಿಕೊಂಡು, ನನ್ನ ರೆಪ್ಪೆ ಜಗ್ಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಹಾಂ, ಈಗ ಆತು ನೋಡು ರಕ್ತ!"

ಮುಂದೆ ಬಿ.ಎಡ್. ಆಯಿತು, ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ನೌಕರಿ ಸಿಕ್ಕಿತು, ಮದುವೆಯಾಯಿತು. ಅಪ್ಪ ಹೋದ. ಅವ್ವ ಹಳ್ಳಿಯಲ್ಲಿ ನನ್ನ ತಮ್ಮನ ಮನೆಯಲ್ಲಿ ಉಳಿದಳು. ನಾನು ರಜೆ ಸಿಕ್ಕಾಗ ಬಸವನ ಬಾಗೇವಾಡಿಗೆ ಬಂದು ಬಸ್ಸು ಬದಲಿಸಿ ಹೋಗುತ್ತಿದ್ದೆ. ನಾನು ಎಷ್ಟು ದೂರವಿದ್ದರೂ ಅವ್ವನ ಬಗ್ಗೆ ಅಂಜಿಕೆ ಇರಲಿಲ್ಲ. ಸಂತೆಯ ದಿನ ಅವಳು ಕಟ್ಟೆಯ ಮೇಲೆ ಕೂಡುತ್ತಾಳೆ, ಡಾಕ್ಟರು ರೊಟ್ಟಿಯ ಸುದ್ದಿ ಕೇಳುತ್ತಾರೆ. ಅಷ್ಟು ಸಾಕಾಗಿತ್ತು. ಒಂದು ಮನೆಯನ್ನು ಎರಡು ತಲೆಮಾರು ನೋಡಿದ ವೈದ್ಯ ಊರಲ್ಲಿದ್ದಾನೆಂದರೆ ದೂರದ ಮಕ್ಕಳು ಎಷ್ಟು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾರೆ ಎನ್ನುವುದು ಅವನು ಹೋದ ಮೇಲೆಯೇ ತಿಳಿಯುವುದು.

ಡಾಕ್ಟರು ಒಂದು ಬೇಸಿಗೆಯಲ್ಲಿ ತೀರಿಕೊಂಡರು. ವಯಸ್ಸಾಗಿತ್ತು. ಆದರೂ ಹಿಂದಿನ ಸಂತೆಯವರೆಗೆ ರೋಗಿಗಳನ್ನು ನೋಡಿದ್ದರು. ಯಾರೂ ಹೇಳದೆಯೇ ಬಜಾರದ ಅಂಗಡಿಗಳು ಬಾಗಿಲು ಹಾಕಿದವು. ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಜನ ಬಂದರು. ಬಂದವರು ದವಾಖಾನೆಯ ಮುಂದೆ, ಪಾಳಿ ಹಚ್ಚಿ ಕೂಡುವ ಹಾಗೆಯೇ, ಕಟ್ಟೆಯ ಮೇಲೆ ಸಾಲಾಗಿ ಕೂತರು. ಬೇರೆ ಎಲ್ಲಿ ಕೂಡಬೇಕೋ ಅವರಿಗೆ ಗೊತ್ತಾಗಲಿಲ್ಲ.

ಅವ್ವ ಆ ದಿನ ಒಲೆ ಹಚ್ಚಲಿಲ್ಲ. ಮನೆಯವರು ಹೋದಾಗ ಮಾತ್ರ ನಾವು ಹಾಗೆ ಮಾಡುವುದು. ಫೋನಿನಲ್ಲಿ ನನಗೆ ಹೇಳಿದಳು: "ಇನ್ನ ನನ್ನ ಯಾರ ಕೇಳ್ತಾರವ್ವ?"

"ನಾ ಇದ್ದೇನಲ್ಲವ್ವ" ಅಂದೆ.

"ನೀ ಹ್ಯಾಂಗದಿ ಅಂತ ಕೇಳ್ತಿ" ಅಂದಳು. ಅಷ್ಟೇ.

ಮುಂದಿನ ವರ್ಷ ಅವ್ವ ಸೊರಗಿದಳು. ತಮ್ಮ ಫೋನು ಮಾಡಿ, "ಯಾಕೋ ಮೆತ್ತಗ ಆಗ್ಯಾಳ" ಅಂದ. ನಾನು ರಜೆ ಹಾಕಿ ಬಂದು ಅವಳನ್ನು ವಿಜಯಪುರಕ್ಕೆ ಕರೆದುಕೊಂಡು ಹೋದೆ. ದೊಡ್ಡ ಆಸ್ಪತ್ರೆ. ನೋಡಿದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಮೈಸೂರು ಕಡೆಯವರು. ಒಳ್ಳೆಯ ಹುಡುಗಿ. ಎಷ್ಟು ಜನ ಕಾಯುತ್ತಿದ್ದರೂ ಮುಖ ಗಂಟು ಹಾಕಿರಲಿಲ್ಲ.

"ಹೇಗಿದ್ದೀರಾ ಅಜ್ಜಿ?"

"ಆರಾಮ ಅದೀನ್ರೀ ನಮ್ಮವ್ವ. ನೀವು ಆರಾಮ? ಊಟ ಆತೇನ್ರಿ?"

ಡಾಕ್ಟರಮ್ಮ ನಕ್ಕರು. "ಇನ್ನೂ ಇಲ್ಲ ಅಜ್ಜಿ."

"ಮೊದ್ಲ ಹೋಗಿ ಉಂಡ ಬರ್ರಿ. ನಾ ಏನ್ ಓಡಿ ಹೋಗ್ತೇನೇನು?"

ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೇ ಎಂದು ಕೇಳಿದರು. ಇಲ್ರಿ, ಅಂದಳು ಅವ್ವ. ನಮ್ಮ ಮನೆಯಲ್ಲಿ ಹತ್ತಲು ಮೆಟ್ಟಿಲೇ ಇಲ್ಲ. ರಾತ್ರಿ ಮಲಗಿದಾಗ ಉಸಿರು ಕಟ್ಟುತ್ತದೆಯೇ? ಇಲ್ರಿ, ಚಲೋ ನಿದ್ದಿ ಬರ್ತೈತಿ. ಎದೆ ನೋವು? ಏನೂ ಇಲ್ರಿ. ರಕ್ತ ನೋಡಿದರು, ಎದೆಗೆ ತಂತಿ ಹಚ್ಚಿ ನೋಡಿದರು. ಎದ್ದು ಕಾಣುವಂಥದು ಏನೂ ಇರಲಿಲ್ಲ. ಬಿ.ಪಿ.ಗೆ ಗುಳಿಗೆ ಕೊಟ್ಟು, ಏನಾದರೂ ಕಷ್ಟವೆನಿಸಿದರೆ ಕೂಡಲೇ ಬನ್ನಿ ಎಂದು ಕಳಿಸಿದರು. ನಾನು ಸಮಾಧಾನದಿಂದ ಮುದ್ದೇಬಿಹಾಳಕ್ಕೆ ಮರಳಿದೆ. ಅವರು ಕೇಳಬೇಕಾದ್ದನ್ನೆಲ್ಲ ಕೇಳಿದ್ದರು. ಓದಿದ ಪುಸ್ತಕದಲ್ಲಿದ್ದ ಪ್ರಶ್ನೆಗಳವು, ತಪ್ಪೇನೂ ಇರಲಿಲ್ಲ.

ದಸರಾ ರಜೆಗೆ ಊರಿಗೆ ಹೋದಾಗ, ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಮಕ್ಕಳ ಪೇಪರು ತಿದ್ದುತ್ತಿದ್ದೆ. ಒಳಗೆ ರೊಟ್ಟಿಯ ಶಬ್ದ. ಥಪ್ ಥಪ್. ನಿಂತಿತು. ನಾನು ಗಮನ ಕೊಡಲಿಲ್ಲ. ಮತ್ತೆ ಎರಡು ಪೆಟ್ಟು, ಮತ್ತೆ ನಿಂತಿತು. ನನ್ನ ಕೈಯಲ್ಲಿದ್ದ ಕೆಂಪು ಪೆನ್ನು ಹಾಗೇ ನಿಂತಿತು. ಹೊರಸಿನ ಮೇಲೆ ಕೂತು ಬೆರಳೆತ್ತಿದ ಆ ಮನುಷ್ಯ ಕಣ್ಣ ಮುಂದೆ ಬಂದರು.

ಒಳಗೆ ಹೋದೆ. ಅವ್ವ ಒಂದು ಕೈ ಹಿಟ್ಟಿನಲ್ಲಿಟ್ಟು ಇನ್ನೊಂದು ಕೈಯನ್ನು ಗೋಡೆಗೆ ಒತ್ತಿ ಹಿಡಿದಿದ್ದಳು. ಬಾಯಿ ತೆರೆದಿತ್ತು. ನನ್ನನ್ನು ನೋಡಿ ಮುಚ್ಚಿದಳು.

"ಏನಾತವ್ವ?"

"ಏನಿಲ್ಲ. ಹಿಟ್ಟ ಬಿರಸ ಆಗೇತಿ."

ತಮ್ಮನ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದಳು. "ಅಕ್ಕಾರ, ಭಾಳ ದಿವಸ ಆತ್ರಿ. ಒಂದೆರಡ ಬಡಿತಾರ, ಉಳಿದದ್ದ ನಾನ ಬಡಿತೇನ್ರಿ. ಯಾರಿಗೂ ಹೇಳಬ್ಯಾಡ ಅಂದಾರ. ರಾತ್ರಿ ಜ್ವಾಳದ ಚೀಲಕ್ಕ ಆನ್ಕೊಂಡ ಕುಂತ ಮಲಗ್ತಾರ್ರಿ. ಬೆನ್ನಿಗಿ ಹಿತ ಅನಸ್ತೈತಿ ಅಂತಾರ."

ಮರುದಿನವೇ ವಿಜಯಪುರಕ್ಕೆ ಹೋದೆವು. ನಾನು ಡಾಕ್ಟರಮ್ಮನಿಗೆ ರೊಟ್ಟಿಯ ಸುದ್ದಿ ಹೇಳಿದೆ, ಚೀಲಕ್ಕೆ ಒರಗಿ ಮಲಗುವುದನ್ನು ಹೇಳಿದೆ, ನಮ್ಮ ಹಳೆಯ ಡಾಕ್ಟರು ಕೇಳುತ್ತಿದ್ದ ಪ್ರಶ್ನೆಯನ್ನೂ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ಅವ್ವನ ಮುಖ ನೋಡಿದರು.

"ಅಜ್ಜಿ, ಹೋದ ಸಲವೇ ಇದನ್ನು ಹೇಳಬಹುದಿತ್ತಲ್ಲ?"

ಅವ್ವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ನೀವು ರೊಟ್ಟಿ ಸುದ್ದಿ ಕೇಳಲೇ ಇಲ್ಲಲ್ರೀ ನಮ್ಮವ್ವ!" ಅಂದಳು.

ಅವಳು ಕಾಯುತ್ತಿದ್ದಳು. ಆ ದೊಡ್ಡ ಆಸ್ಪತ್ರೆಯಲ್ಲಿ, ಅಷ್ಟು ಯಂತ್ರಗಳ ನಡುವೆ, ಇಂದಲ್ಲ ನಾಳೆ ಯಾರಾದರೂ ಆ ಪ್ರಶ್ನೆ ಕೇಳಿಯೇ ಕೇಳುತ್ತಾರೆಂದು ಕಾಯುತ್ತಿದ್ದಳು. ಡಾಕ್ಟರು ಎಂದರೆ ಅದನ್ನು ಕೇಳುವವರು ಎಂದೇ ಅವಳು ತಿಳಿದದ್ದು.

ಎದೆಯ ಸ್ಕ್ಯಾನು ಮಾಡಿಸಿದರು. ಗುಂಡಿಗೆಯ ಬಲ ತುಂಬಾ ಇಳಿದಿದೆ ಅಂದರು. ನೀರು ಕಡಿಮೆ, ಉಪ್ಪು ಬೇಡ, ಗುಳಿಗೆ ತಪ್ಪಿಸಬಾರದು. ನನ್ನನ್ನು ಹೊರಗೆ ಕರೆದು, ಇದು ವಾಸಿಯಾಗುವುದಲ್ಲ, ಎಷ್ಟು ಹಗುರ ಮಾಡಲಾಗುತ್ತದೋ ಅಷ್ಟು ಮಾಡೋಣ ಎಂದು ಮೆಲ್ಲಗೆ ಹೇಳಿದರು. ಹೋದ ಸಲವೇ ಗೊತ್ತಾಗಿದ್ದರೆ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಮನೆಗೆ ಬಂದ ಮೇಲೂ ಅವ್ವ ಒಲೆಯ ಮುಂದೆ ಕೂಡುವುದನ್ನು ಬಿಡಲಿಲ್ಲ. ತಮ್ಮ ಬೈದರೆ, "ರೊಟ್ಟಿ ನಾ ಬಡಿಲಿಲ್ಲಂದ್ರ ಡಾಕ್ಟ್ರಿಗಿ ಏನಂತ ಹೇಳ್ಲೋ?" ಅನ್ನುತ್ತಿದ್ದಳು. ಯಾವ ಡಾಕ್ಟರಿಗೆ ಎಂದು ನಾವು ಕೇಳಲಿಲ್ಲ. ನಾನು ಪ್ರತಿ ವಾರ ಹೋಗುತ್ತಿದ್ದೆ. ಬಸ್ಸು ದೇವರ ಹಿಪ್ಪರಗಿ ಬಜಾರ ದಾಟುವಾಗ ದವಾಖಾನೆಯ ಮುಚ್ಚಿದ ಶಟರು ಕಾಣುತ್ತಿತ್ತು. ಸಂತೆಯ ದಿನ ಕಟ್ಟೆಯ ಮೇಲೆ ಈಗಲೂ ಮುದುಕರು, ಹೆಂಗಸರು ಕೂತಿರುತ್ತಿದ್ದರು. ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದೂ ಕೂತಿರುತ್ತಿದ್ದರು. ಒಬ್ಬರ ಮೊಳಕಾಲ ಸುದ್ದಿ ಒಬ್ಬರು ಕೇಳುತ್ತಿದ್ದರೋ ಏನೋ.

ಚಳಿ ಶುರುವಾದಾಗ ಮತ್ತೆ ವಿಜಯಪುರಕ್ಕೆ ಹೋದೆವು. ಈ ಸಲ ಅವ್ವನಿಗೆ ಬಾಗಿಲಿನಿಂದ ಕುರ್ಚಿಯವರೆಗೆ ನಡೆಯಲಾಗಲಿಲ್ಲ. ಡಾಕ್ಟರಮ್ಮ ತಮ್ಮ ಜಾಗದಿಂದ ಎದ್ದು ಬಂದು ಅವಳ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ಕೈ ಹಿಡಿದುಕೊಂಡರು. ಹೇಗಿದ್ದೀರಾ ಅನ್ನಲಿಲ್ಲ. ತಮ್ಮ ಮೈಸೂರಿನ ಕನ್ನಡದಲ್ಲಿ, ಪರೀಕ್ಷೆಗೆ ಕಲಿತವರ ಹಾಗೆ ಎಚ್ಚರದಿಂದ ಕೇಳಿದರು:

"ನಿನ್ನೆ ರೊಟ್ಟಿ ಯಾರು ಬಡಿದ್ರು ಅಜ್ಜಿ?"

ಅವ್ವ ಅವರನ್ನು ಬಹಳ ಹೊತ್ತು ನೋಡಿದಳು. ಆ ನೋಟ ನಾನು ಹಿಂದೆ ದವಾಖಾನೆಯಲ್ಲಿ ಮಾತ್ರ ಕಂಡದ್ದು.

"ಸೊಸಿ ಬಡದಾಳವ್ವ" ಅಂದಳು. ಉಸಿರು ತೆಗೆದುಕೊಂಡಳು. "ಮೊನ್ನಿನೂ ಆಕಿನ. ನನ್ನ ಕೈಲೆ ಆಗವಲ್ದು."

ಆಗವಲ್ದು ಎಂಬ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಎಷ್ಟೋ ತಿಂಗಳಿಂದ ಒಂದು ಸಲವಾದರೂ ಅವಳು ನಿಜ ಹೇಳಲಿ, ನಿಜ ಹೇಳಲಿ ಎಂದು ಹಂಬಲಿಸಿದ್ದೆ. ಈಗ ಹೇಳಿದಳು. ಗೋಡೆಗೆ ಕೈ ಕೊಟ್ಟೆ, ಅಡುಗೆಮನೆಯಲ್ಲಿ ಅವಳು ಕೊಟ್ಟ ಹಾಗೆ.

ಸಂಕ್ರಾಂತಿಗೆ ಮೊದಲೇ ಅವ್ವ ಹೋದಳು. ಪ್ರತಿ ವರ್ಷ ಆ ಹಬ್ಬಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುವವಳು ಅವಳೇ. ಆ ವರ್ಷ ಹಬ್ಬ ಮಾಡಲಿಲ್ಲ.

ಕಾರ್ಯವೆಲ್ಲ ಮುಗಿದು ಬಂಧುಗಳು ಹೋದ ಮೇಲಿನ ಬೆಳಿಗ್ಗೆ ನಾನು ಪಡಸಾಲೆಯ ಹೊರಸಿನ ಮೇಲೆ ಕೂತಿದ್ದೆ. ಒಳಗೆ ತಮ್ಮನ ಹೆಂಡತಿ ಅವ್ವನ ಜಾಗದಲ್ಲಿ ಕೂತು ರೊಟ್ಟಿ ಬಡಿಯಲು ಶುರು ಮಾಡಿದಳು. ಹರೆಯದ ಕೈ. ಶಬ್ದ ಗಟ್ಟಿ, ಬಿರುಸು, ಒಂದೇ ಸಮ. ಒಂದು ರೊಟ್ಟಿ ಮುಗಿದು ಇನ್ನೊಂದು ಶುರುವಾಯಿತು, ಅದು ಮುಗಿದು ಮತ್ತೊಂದು. ಎಲ್ಲೂ ನಿಲ್ಲಲಿಲ್ಲ. ನಿಲ್ಲುತ್ತದೇನೋ ಎಂದು ನಾನು ಕೇಳುತ್ತಲೇ ಕೂತಿದ್ದೆ.